ಮೂವತ್ತು ಮೊಳದ ಹಡಗು

ಲಾನ್ಸೆಸ್ಟನ್, ಟಾಸ್ಮೇನಿಯ
26 ಫೆಬ್ರವರಿ 1984

ಅಮ್ಮಾ,

ಸಲಾಮು. ನಾನು ಸುಖವಾಗಿ ತಲುಪಿದೆ. ಅಪ್ಪನ ಕೋಲೂ ತಲುಪಿತು, ಆದರೆ ನನ್ನಷ್ಟು ಸುಲಭವಾಗಿ ಅಲ್ಲ.

ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದರು. ನೀನು ಕೊಟ್ಟ ಬುಡುವಿನ ಶೀಶೆಯ ಮುಚ್ಚಳ ತೆಗೆದು ಮೂಸಿದ ಅಧಿಕಾರಿ ತಕ್ಷಣ ಮುಚ್ಚಿ ಪಕ್ಕಕ್ಕಿಟ್ಟ. ಮೀನು ಕೊಳೆಸಿದ ಗೊಜ್ಜನ್ನು ಮನುಷ್ಯರು ತಿನ್ನುತ್ತಾರೆಂದು ಅವನಿಗೆ ನಂಬಿಕೆ ಬರಲಿಲ್ಲ. ಆಮೇಲೆ ಕೋಲು ಸಿಕ್ಕಿತು. ಈ ದೇಶದವರಿಗೆ ಹೊರಗಿನ ಮರ ಕಂಡರೆ ಹುಳದ ಭಯ.

"ಏನಮ್ಮಾ ಇದು?" ಅಂದ.

"ನಮ್ಮಪ್ಪನ ಕೈ" ಅಂದೆ.

ಅವನು ಇನ್ನೊಬ್ಬನನ್ನು ಕರೆದ. ಇಬ್ಬರ ಮುಂದೆಯೂ ನಾನು ತೋಳು ಮಡಚಿ ತೋರಿಸಬೇಕಾಯಿತು: ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಇದು ನಮ್ಮಪ್ಪ ಎಂಬೊಂಗ್ ಅವರ ಬಲಗೈಯ ಮೊಳ, ಅವರು ಹಡಗು ಕಟ್ಟುವುದು ಈ ಅಳತೆಯಲ್ಲಿ, ನಕ್ಷೆ ಗಿಕ್ಷೆ ಇಲ್ಲ. ಎರಡನೆಯವನು ಕೋಲನ್ನು ಮೇಜಿಗೆ ಕುಟ್ಟಿ ನೋಡಿ, "ಇದಕ್ಕೆ ಹುಳ ಬಾಯಿ ಹಾಕಿದ್ರೆ ಹುಳದ ಹಲ್ಲೇ ಮುರೀತದೆ, ಬಿಡು" ಅಂದ. ಚೆಂಗಾಲ್ ಮರದ ಮರ್ಯಾದೆ ಉಳಿಯಿತು. ಬುಡು ಮಾತ್ರ ಅವರ ಪಾಲಾಯಿತು.

ಒಂದು ಮಾತು ಹೇಳುತ್ತೇನೆ, ಅಪ್ಪನಿಗೆ ಓದಿ ಹೇಳಬೇಡ. ಹೊರಡುವ ದಿನ ಅವರು ಈ ಕೋಲು ಕೊಟ್ಟಾಗ ನನಗೆ ಬೇಸರವಾಗಿತ್ತು. ಜೊತೆಗೆ ಬಂದ ಹುಡುಗಿಯರ ಅಪ್ಪಂದಿರು ಗಡಿಯಾರ ಕೊಟ್ಟಿದ್ದರು. ನಮ್ಮಪ್ಪ, "ದಾರಿ ತಪ್ತು ಅನ್ಸಿದ್ರೆ ಅಳ್ಕೋ" ಅಂದು ಮರದ ತುಂಡು ಕೊಟ್ಟರು. ಈಗ ಅದು ನನ್ನ ಓದುವ ಮೇಜಿನ ಮೇಲಿದೆ.

ಹದಿನೆಂಟು ವರ್ಷ ಹಡಗು ಕಟ್ಟುವ ಚಪ್ಪರದ ಹೊರಗೆ, ಮರದ ಹೊಟ್ಟಿನ ರಾಶಿಯ ಮೇಲೆ ಕೂತು ಹಡಗು ನೋಡಿದ್ದೇನೆ. ನೀರಿಗಿಳಿಯುವ ಮುಂಚೆ ಹೆಂಗಸು ಹಡಗು ಮುಟ್ಟಬಾರದು ಅಂದರು, ಮುಟ್ಟಲಿಲ್ಲ. ಇಲ್ಲಿ ಕಾಗದದ ಮೇಲೆ ಮುಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ. ಮೂರು ವರ್ಷ ಓದಿ, ಹಡಗಿನ ವಿದ್ಯೆ ಕಲಿತೇ ಬರುತ್ತೇನೆ.

ಹೊಸ ಹಡಗಿನ ಕೆಲಸ ಯಾವಾಗ ಶುರು? ಮಮಾತ್ ಚಿಕ್ಕಪ್ಪನಿಗೆ ನನ್ನ ಸಲಾಮು ಹೇಳು.

ನಿನ್ನ
ಬಿಯಾ


ಪುಲಾವ್ ಡುಯೊಂಗ್, ಕ್ವಾಲಾ ಟ್ರೆಂಗಾನು
18 ಮಾರ್ಚ್ 1984

ಮಗಳೇ ಬಿಯಾ,

ನಿಮ್ಮಪ್ಪ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಅವರು ಬಾಚಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿದವರಲ್ಲ. ಐದನೇ ಕ್ಲಾಸಿನವರೆಗೆ ಓದಿದ ನಾನೇ ಈ ಮನೆಯ ಪಂಡಿತೆ.

ಗುರುವಾರ ಹೊಸ ಹಡಗಿನ ಅಡಿಮರ ಇಟ್ಟೆವು. ಒಂದೇ ಚೆಂಗಾಲ್ ಮರ, ಮೂವತ್ತು ಮೊಳ, ಒಂದು ಬೆರಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ನಿಮ್ಮಪ್ಪ ಒಂದು ತುದಿಯಿಂದ ಇನ್ನೊಂದು ತುದಿಗೆ ತೋಳು ಇಡುತ್ತ ಹೋದರು, ಮಮಾತ್ ಹಿಂದಿನಿಂದ ಸುಣ್ಣದ ಗೆರೆ ಎಳೆಯುತ್ತ ಬಂದ. ಅರಿಶಿನದ ಅನ್ನ ಮಾಡಿ ದುವಾ ಓದಿಸಿದೆವು. ನಾನು ತಟ್ಟೆ ಹಿಡಿದು ಎಂದಿನಂತೆ ಹೊರಗೆ ನಿಂತಿದ್ದೆ.

ಹಡಗು ಮಾಡಿಸುವವನು ಒಬ್ಬ ಡಚ್ ಮುದುಕ. ನಕ್ಷೆ ಎಲ್ಲಿ ಎಂದು ಮೂರು ಸಲ ಕೇಳಿದ. ನಿಮ್ಮಪ್ಪ, "ಹಡಗು ಮುಗೀಲಿ, ಅದನ್ನ ನೋಡ್ಕೊಂಡು ಬರ್ಕೋ" ಅಂದರು. ಮುದುಕ ನಕ್ಕ. ಅವನಿಗೆ ನವೆಂಬರಿನ ಗಾಳಿ ಏಳುವ ಮೊದಲು ಹಡಗು ನೀರಿಗಿಳಿಯಬೇಕು. ಹೆಂಡತಿ, ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಅದರಲ್ಲೇ ಹೋಗುತ್ತಾನಂತೆ.

ಅಲ್ಲಿಯ ನದಿಯಲ್ಲಿ ಉಬ್ಬರ ಇಳಿತ ಉಂಟೇ ಎಂದು ನಿಮ್ಮಪ್ಪ ಕೇಳುತ್ತಿದ್ದಾರೆ. ಊಟ ಹೇಗೆ ಎಂದು ನಾನು ಕೇಳುತ್ತಿದ್ದೇನೆ. ನನ್ನದಕ್ಕೆ ಮೊದಲು ಉತ್ತರ ಬರೆ.

ಬುಡು ಶೀಶೆ ಕಿತ್ತುಕೊಂಡವನಿಗೆ ಒಳ್ಳೆಯದಾಗಲಿ. ತಿಂದು ನೋಡಿದ್ದರೆ ನಿನ್ನನ್ನೂ ಬಿಡುತ್ತಿರಲಿಲ್ಲ.

ನಿನ್ನ ಅಮ್ಮ
ಕಲ್ಸೋಮ್


ಲಾನ್ಸೆಸ್ಟನ್
6 ಮೇ 1984

ಅಮ್ಮಾ,

ಊಟ: ಆಲೂಗಡ್ಡೆ. ಬೆಳಿಗ್ಗೆಯೂ ಆಲೂಗಡ್ಡೆ. ಶುಕ್ರವಾರ ಮೀನು ಕೊಡುತ್ತಾರೆ, ಅದಕ್ಕೆ ಮುಳ್ಳಿಲ್ಲ, ರುಚಿಯೂ ಇಲ್ಲ. ನದಿ: ಉಬ್ಬರ ಇಳಿತ ಚೆನ್ನಾಗಿ ಇದೆ, ಇಳಿದಾಗ ನಮ್ಮಲ್ಲಿಯಂತೆಯೇ ಕೆಸರು ನಾರುತ್ತದೆ. ಮನೆ ನೆನಪಾದರೆ ಹೋಗಿ ಆ ಕೆಸರಿನ ಹತ್ತಿರ ನಿಲ್ಲುತ್ತೇನೆ.

ಅಪ್ಪನಿಗೆ ಒಂದು ಸುದ್ದಿ. ನದಿಯಂಚಿನ ಜೌಗಿನಲ್ಲಿ ನಮ್ಮ ಗೆಲಾಂ ಮರದ ತಂಗಿಯನ್ನು ಕಂಡೆ. ಅದೇ ಬಿಳಿ ತೊಗಟೆ, ಕಾಗದದಂತೆ ಪದರ ಪದರ ಬಿಡುತ್ತದೆ. ಹಲಗೆ ಹಲಗೆಯ ನಡುವೆ ಈ ತೊಗಟೆ ಇಟ್ಟರೆ ನೀರು ಕುಡಿದು ಉಬ್ಬಿ ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ ಎಂದು ಇಲ್ಲಿಯವರಿಗೆ ಗೊತ್ತೇ ಇಲ್ಲ. ಅದರ ಪಕ್ಕದಲ್ಲೇ ಕೂತು ಸೋರುವ ದೋಣಿಗೆ ಡಬ್ಬಿ ಡಬ್ಬಿ ಅಂಟು ಬಳಿಯುತ್ತಾರೆ.

ನಮಗೆ ನಕ್ಷೆ ಕಲಿಸುವವರು ಹಾಲೋರನ್ ಎಂಬ ಮೇಷ್ಟ್ರು. ಇವರ ಪ್ರಕಾರ ಮೊದಲು ಅಡಿಮರ, ಆಮೇಲೆ ಪಕ್ಕೆಲುಬುಗಳು, ಕೊನೆಗೆ ಅದರ ಮೇಲೆ ಹಲಗೆಯ ಹೊದಿಕೆ. ನಾನು ಎದ್ದು ನಿಂತು, ನಮ್ಮ ಮನೆಯಲ್ಲಿ ಮೊದಲು ಹಲಗೆ ಕಟ್ಟುತ್ತಾರೆ, ಪಕ್ಕೆಲುಬು ಆಮೇಲೆ ಒಳಗೆ ಕೂರಿಸುತ್ತಾರೆ ಎಂದೆ.

"ಅಂದ್ರೆ ನೀವು ಚರ್ಮ ಮೊದಲು ಮಾಡಿ ಆಮೇಲೆ ಮೂಳೆ ತುರುಕ್ತೀರಾ?" ಅಂದರು. ತರಗತಿಯೆಲ್ಲ ನಕ್ಕಿತು.

"ಹೌದು ಸಾರ್. ಆ ಹಡಗುಗಳು ಇಪ್ಪತ್ತು ವರ್ಷದಿಂದ ಓಡ್ತಾ ಇವೆ" ಅಂದೆ. ಆಗ ಯಾರೂ ನಗಲಿಲ್ಲ.

ನಕ್ಷೆಯ ಪಾಠ ಚೆನ್ನಾಗಿಯೇ ನಡೆದಿದೆ. ಜೂನಿನಲ್ಲಿ ಪರೀಕ್ಷೆ.

ಬಿಯಾ


ಪುಲಾವ್ ಡುಯೊಂಗ್
5 ಜೂನ್ 1984

ಬಿಯಾ,

ಉಪವಾಸ ಶುರುವಾಯಿತು. ಅಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನಂತೆ, ಇಲ್ಲಿ ಏಳು ದಾಟಬೇಕು. ನಿನ್ನದು ಉಪವಾಸವೋ ಊಟ ತಡವಾದದ್ದೋ ನೀನೇ ಹೇಳು.

ಹಡಗಿನ ಕೆಲಸ ನಿಂತಿಲ್ಲ. ಎರಡೂ ಮಗ್ಗುಲಿಗೆ ನಾಲ್ಕು ನಾಲ್ಕು ಹಲಗೆ ಕೂತಿವೆ, ಐದನೆಯದು ಏರುತ್ತಿದೆ. ನಿಮ್ಮಪ್ಪನಿಗೆ ಉಪವಾಸದಲ್ಲಿ ಮಾತು ಕಡಿಮೆ, ಅದಕ್ಕೇ ಈ ಸಲ ಅವರ ಮಾತು ಬರೆಯಲಿಲ್ಲ. ತೊಗಟೆಯ ಸುದ್ದಿ ಕೇಳಿ ಖುಷಿಪಟ್ಟರು.

ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಹಬ್ಬಕ್ಕೆ ಅಕ್ಕಿ ಕುಟ್ಟಿದ್ದು.

ಅಮ್ಮ


ಲಾನ್ಸೆಸ್ಟನ್
8 ಜುಲೈ 1984

ಅಮ್ಮಾ,

ಹಬ್ಬದ ಸಲಾಮು, ನಿನಗೂ ಅಪ್ಪನಿಗೂ. ತಪ್ಪು ಮಾಡಿದ್ದರೆ ಕ್ಷಮಿಸಿ, ಹುಟ್ಟಿನಿಂದ ಇವತ್ತಿನವರೆಗಿನದು ಎಲ್ಲ.

ಇಲ್ಲಿ ನಾವು ಎಂಟು ಜನ ಮಲೇಶಿಯಾದವರು ಸೇರಿ ನಾಸಿ ಡಾಗಾಂಗ್ ಮಾಡಿದೆವು. ತೆಂಗಿನ ಹಾಲು ಡಬ್ಬಿಯದು, ಅಕ್ಕಿ ಯಾವುದೋ, ಮೀನು ಯಾವುದೋ. ಕೆಡಾ ರಾಜ್ಯದ ಹುಡುಗ ಒಬ್ಬ ತಿಂದು, "ಇದು ಟ್ರೆಂಗಾನುವಿನ ಅಡುಗೆನಾ? ಪಾಪ ನಿಮ್ಮೂರೋರು" ಅಂದ. ಅವನ ತಟ್ಟೆ ಕಿತ್ತುಕೊಂಡೆ.

ರಜೆಯಲ್ಲಿ ಬಸ್ಸು ಹತ್ತಿ ದಕ್ಷಿಣಕ್ಕೆ, ಹ್ಯುವಾನ್ ನದಿಯವರೆಗೆ ಹೋಗಿ ಬಂದೆ. ಅಲ್ಲಿ ಎಂಬತ್ತು ವರ್ಷದ ಟಾಡ್ ಎಂಬ ಅಜ್ಜ ಇನ್ನೂ ಮರದ ದೋಣಿ ಕಟ್ಟುತ್ತಾನೆ. ಮೂರು ದಿನ ಅವನ ಚಪ್ಪರದಲ್ಲೇ ಇದ್ದೆ. ಮೊದಲ ದಿನ ಬಾಗಿಲಲ್ಲೇ ನಿಂತಿದ್ದಕ್ಕೆ, "ಯಾಕೆ, ದೋಣಿ ಕಚ್ತದಾ?" ಅಂದ. ಒಳಗೆ ಹೋಗಿ ಹಲಗೆಯ ಮೇಲೆ ಅಂಗೈ ಇಟ್ಟೆ. ಅಮ್ಮಾ, ನನ್ನ ಕಣ್ಣಲ್ಲಿ ನೀರು ಬಂತು. ಹೊರಡುವಾಗ ಅಜ್ಜ ಹ್ಯುವಾನ್ ಪೈನ್ ಮರದ ಒಂದು ತುಂಡು ಕೊಟ್ಟ. ಹಳದಿ ಬಣ್ಣ, ಜೇನಿನಂಥ ವಾಸನೆ. ಅಪ್ಪನ ಕೋಲಿನ ಪಕ್ಕದಲ್ಲೇ ಇಟ್ಟಿದ್ದೇನೆ.

ನಿನ್ನ ಹಿಂದಿನ ಪತ್ರ ಒಂದೇ ಪುಟ. ನನ್ನ ಮೇಲೆ ಸಿಟ್ಟೇ? ಅಕ್ಕಿ ಕುಟ್ಟುವುದು ಹಬ್ಬದ ಹಿಂದಿನ ವಾರ ಅಲ್ಲವೇ, ತಿಂಗಳ ಮೊದಲೇ ಯಾಕೆ ಕುಟ್ಟಿದೆ?

ಒಂದು ಕೆಲಸ ಆಗಬೇಕು. ಅಪ್ಪನ ಹಡಗಿನ ಎಲ್ಲ ಅಳತೆ ಕಳಿಸು. ಅಡಿಮರ, ಪ್ರತಿಯೊಂದು ಹಲಗೆ, ನಡುವಿನಲ್ಲಿ ಹಡಗು ಎಷ್ಟು ತೆರೆದುಕೊಂಡಿದೆ ಎಲ್ಲವೂ. ನಾನು ಅದರ ನಕ್ಷೆ ಬರೆಯುತ್ತೇನೆ. ಯಾಕೆಂದು ಈಗ ಕೇಳಬೇಡ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ.

ಬಿಯಾ


ಪುಲಾವ್ ಡುಯೊಂಗ್
29 ಜುಲೈ 1984

ಬಿಯಾ,

ಆ ಮೇಷ್ಟ್ರು ನಿನ್ನ ಕೈಯಲ್ಲಿ ನಿಮ್ಮಪ್ಪನ ವಿದ್ಯೆ ಕದಿಸುತ್ತಿದ್ದಾನೆಯೇ? ನಕ್ಕವನಿಗೆ ನಮ್ಮ ಅಳತೆ ಯಾಕೆ ಬೇಕಂತೆ? ಹೀಗೆಂದು ಮಮಾತ್ ಕೇಳಿದ, ನನಗೂ ಹಾಗೇ ಅನ್ನಿಸಿತು. ನಿಮ್ಮಪ್ಪ ಮಾತ್ರ, "ಕೇಳಿದ್ದು ಮಗಳು. ಕೊಡು" ಅಂದರು. ಕೊಡುತ್ತಿದ್ದೇನೆ.

ಅಡಿಮರ ಮೂವತ್ತಮೂರು ಮೊಳಕ್ಕೆ ಮೂರು ಬೆರಳು ಕಮ್ಮಿ. ಹಲಗೆ ಒಂದು ಮಗ್ಗುಲಿಗೆ ಏಳು ಕೂತಿವೆ. ನಡುವಿನಲ್ಲಿ ಹಡಗು ನಾಲ್ಕನೇ ಹಲಗೆಯ ಹತ್ತಿರ ನಡುಗೆರೆಯಿಂದ ನಾಲ್ಕು ಮೊಳ ಒಂದು ಗೇಣು, ಏಳನೆಯದರ ಹತ್ತಿರ ಐದು ಮೊಳ. ಉಳಿದದ್ದೆಲ್ಲ ಹಿಂದಿನ ಹಾಳೆಯಲ್ಲಿ ಸಾಲಾಗಿ ಬರೆದಿದ್ದೇನೆ. ಎಲ್ಲವೂ ನಿಮ್ಮಪ್ಪ ಅಳೆದು ಹೇಳಿದ್ದು.

ಸಿಟ್ಟು ಏನಿಲ್ಲ. ಕೆಲಸ ಜಾಸ್ತಿ. ಫಲಿತಾಂಶ ಬಂದ ಕೂಡಲೇ ಬರೆ.

ಅಮ್ಮ


ತಂತಿ
ಲಾನ್ಸೆಸ್ಟನ್, 10 ಆಗಸ್ಟ್ 1984

ಹಲಗೆ ಕೆಲಸ ನಿಲ್ಲಿಸಿ. ಅಪ್ಪನ ಕೋಲು ಬರುತ್ತಿದೆ. ಅಳೆದದ್ದು ಯಾರ ಕೈ. ಬಿಯಾ


ಲಾನ್ಸೆಸ್ಟನ್
11 ಆಗಸ್ಟ್ 1984

ಅಮ್ಮಾ,

ಅಡಿಮರ ಬೆಳೆಯುವುದಿಲ್ಲ.

ಮಾರ್ಚಿನಲ್ಲಿ ನೀನು ಮೂವತ್ತು ಮೊಳ ಎಂದು ಬರೆದೆ. ಒಂದು ಬೆರಳು ಹೆಚ್ಚಿಲ್ಲ, ಕಮ್ಮಿಯಿಲ್ಲ ಎಂದೂ ಬರೆದೆ. ಜುಲೈಯಲ್ಲಿ ಅದೇ ಮರ ಮೂವತ್ತಮೂರಾಯಿತು. ಎರಡು ದಿನ ನನ್ನ ಲೆಕ್ಕವೇ ತಪ್ಪು ಎಂದು ಗುದ್ದಾಡಿದೆ. ಮೂರನೆಯ ದಿನ ಅಪ್ಪನ ಕೋಲಿನ ಪಕ್ಕದಲ್ಲಿ ಕಾಗದ ಇಟ್ಟು ಅದಕ್ಕಿಂತ ಎರಡು ಬೆರಳಷ್ಟು ಗಿಡ್ಡವಾದ ಇನ್ನೊಂದು ಮೊಳ ಗೆರೆ ಹಾಕಿದೆ. ಮೂವತ್ತಮೂರು ಸರಿಹೋಯಿತು. ಅಪ್ಪನದಕ್ಕಿಂತ ಎರಡು ಬೆರಳಷ್ಟು ಗಿಡ್ಡವಾದ ಕೈ ನಮ್ಮ ಮನೆಯಲ್ಲಿ ಯಾರದು ಎಂದು ನನಗೆ ಗೊತ್ತು. ಚಿಕ್ಕವಳಿದ್ದಾಗ ಆ ಕೈಯ ಮೇಲೆ ತಲೆಯಿಟ್ಟು ಮಲಗಿದವಳು ನಾನು.

ಇನ್ನು ಹಡಗಿನ ವಿಷಯ, ಗಮನವಿಟ್ಟು ಓದು. ಗೆರೆ ಎಳೆದು ನೋಡಿದರೆ ಮೊದಲ ನಾಲ್ಕು ಹಲಗೆ ಅಪ್ಪನ ಅಳತೆಯಲ್ಲಿವೆ, ಅವು ಸರಿ. ಐದನೆಯದರಿಂದ ಅಪ್ಪ ತಮ್ಮ ಮೊಳ ಮನಸ್ಸಿನಲ್ಲಿಟ್ಟು ಐದು ಅನ್ನುತ್ತಾರೆ, ನೀನು ನಿನ್ನ ಮೊಳದಲ್ಲಿ ಐದು ಇಡುತ್ತೀಯ. ಎರಡೂ ಮಗ್ಗುಲಲ್ಲಿ ಹತ್ತು ಹತ್ತು ಬೆರಳು ಒಳಗೆ ಬಂದಿದೆ. ಹಡಗಿನ ಮೈಯನ್ನು ಮೇಲಿನಿಂದ ಹಿಂಡಿದಂತಾಗಿದೆ. ಅಪ್ಪನ ಮೊಳದ ಹಡಗು, ನಿನ್ನ ಮೊಳದ ಹಡಗು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಲೆಕ್ಕ ಹಾಕಿದೆ. ನದಿಯಲ್ಲಿ ಇದು ನೆಟ್ಟಗೆ ನಿಲ್ಲುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಸಮುದ್ರದಲ್ಲಿ ದೊಡ್ಡ ಗಾಳಿ ಬಂದರೆ ಒಮ್ಮೆ ಮಲಗಿದ್ದು ಮೇಲೇಳುವುದಿಲ್ಲ. ಆ ಮುದುಕ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವವನು ಎಂದು ನೀನೇ ಬರೆದಿದ್ದೀಯ.

ಅಪ್ಪನ ಕೈಗೆ ಏನಾಗಿದೆ? ಜೂನ್ ತಿಂಗಳಿಂದ ನನಗೆ ಯಾಕೆ ಸುಳ್ಳು ಬರೆದೆ?

ಕೇಳುವ ಹಕ್ಕು ನನಗೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫಲಿತಾಂಶ ಜೂನ್ ಇಪ್ಪತ್ತೊಂಬತ್ತಕ್ಕೇ ಬಂದಿತ್ತು. ನಕ್ಷೆಯಲ್ಲಿ ನೂರಕ್ಕೆ ಮೂವತ್ತೊಂದು. ಎಲ್ಲರೂ ಪಕ್ಕೆಲುಬು ಬರೆದರು, ನಾನು ಹಲಗೆ ಬರೆದು ಪಕ್ಕೆಲುಬಿನ ಜಾಗ ಖಾಲಿ ಬಿಟ್ಟೆ. ನವೆಂಬರಿನೊಳಗೆ ಒಂದು ಇಡೀ ಹಡಗಿನ ನಕ್ಷೆ ಕೊಟ್ಟರೆ ಪಾಸು, ಇಲ್ಲದಿದ್ದರೆ ವಿದ್ಯಾರ್ಥಿವೇತನದವರು ಊರಿಗೆ ಕಳಿಸುತ್ತಾರೆ. ಅಳತೆ ಕೇಳಿದ್ದು ಅದಕ್ಕೆ. ಈಗ ಆ ನಕ್ಷೆ ಯಾರಿಗೆ ಬೇಕು? ಮುಂದಿನ ತಿಂಗಳ ಕೊನೆಗೆ ಹೊರಟು ಬರುತ್ತೇನೆ.

ಕೋಲನ್ನು ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದೆ. ಮೇಜಿನ ಮೇಲೆ ಈಗ ಹಳದಿ ತುಂಡು ಒಂದೇ ಇದೆ.

ಬಿಯಾ


ಪುಲಾವ್ ಡುಯೊಂಗ್
25 ಆಗಸ್ಟ್ 1984

ಮಗಳೇ ಸಲ್ಬಿಯಾ,

ಮೇ ಹದಿನಾಲ್ಕು, ಬೆಳಗಿನ ನಮಾಜಿಗೆ ನೀರು ತೆಗೆದುಕೊಳ್ಳುವಾಗ ನಿಮ್ಮಪ್ಪ ಬಾವಿಯ ಹತ್ತಿರ ಬಿದ್ದರು. ಪಾರ್ಶ್ವವಾಯು. ಎರಡು ವಾರ ಆಸ್ಪತ್ರೆಯಲ್ಲಿದ್ದೆವು. ಮಾತು ವಾಪಸು ಬಂತು. ಬಲಗಾಲು ಅರ್ಧ ಬಂದಿದೆ. ಬಲಗೈ ಬಂದಿಲ್ಲ. ಬೆರಳು ಮುಷ್ಟಿ ಕಟ್ಟಿಕೊಂಡಿವೆ, ಎಣ್ಣೆ ಹಚ್ಚಿ ಎಷ್ಟು ಬಿಡಿಸಿದರೂ ಮತ್ತೆ ಮುಚ್ಚಿಕೊಳ್ಳುತ್ತವೆ. ಎಡಗೈಯ ನಡುಬೆರಳನ್ನು ನೀನು ಹುಟ್ಟುವ ಮೊದಲೇ ಬಾಚಿ ತಿಂದದ್ದು ನಿನಗೆ ಗೊತ್ತೇ ಇದೆ, ಅದರಲ್ಲಿ ಮೊಳ ಇಡಲಾಗುವುದಿಲ್ಲ.

ಮಮಾತ್ ಇಪ್ಪತ್ತೆರಡು ವರ್ಷ ಜೊತೆಗೆ ಕೆಲಸ ಮಾಡಿದವನು, ಆದರೂ ತನ್ನ ತೋಳು ಇಡಲು ಒಪ್ಪಲಿಲ್ಲ. "ಒಂದು ಹಡಗಿಗೆ ಒಂದೇ ಕೈ ಅತ್ತಿಗೆ. ನನ್ ಕೈ ಇಟ್ರೆ ಅಣ್ಣ ಸತ್ತಂಗೆ ಲೆಕ್ಕ" ಅಂದ. ಹಾಗಾದರೆ ಹೆಂಡತಿಯ ಕೈ ಗಂಡನ ಕೈಯೇ ಎಂದು ನಾನು ಒಳಗೆ ಹೋದೆ. ಮಮಾತ್ ಬೇಡ ಅನ್ನಲಿಲ್ಲ. ಬೆನ್ನು ತಿರುಗಿಸಿ ನಿಂತು ಬೀಡಿ ಹಚ್ಚಿದ. ಅವತ್ತಿನಿಂದ ನಾನು ದಿನಾ ಹೋಗುತ್ತಿದ್ದೇನೆ. ಹಾಸಿಗೆಯಲ್ಲಿ ಅವರು ಹೇಳುತ್ತಾರೆ, ನಾನು ಹೋಗಿ ಅಳೆದು ಗುರುತು ಹಾಕುತ್ತೇನೆ, ಬಂದು ಹೇಳುತ್ತೇನೆ. ಬೊಬ್ಬೆ ಅಕ್ಕಿಯದಲ್ಲ.

ಮೊಳ ಎಂದರೆ ಮೊಳ ಎಂದುಕೊಂಡಿದ್ದೆವು ನಾವೆಲ್ಲ. ಅದು ಆಳಿನ ಮೇಲೆ ಬದಲಾಗುತ್ತದೆ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಚಪ್ಪರದಲ್ಲಿ ಯಾವತ್ತಾದರೂ ಎರಡನೇ ಕೈ ಬಿದ್ದಿದ್ದರೆ ತಾನೇ ಗೊತ್ತಾಗುವುದು?

ತಂತಿಯನ್ನು ನಿನ್ನ ಪತ್ರ ಬರುವವರೆಗೆ ಬಚ್ಚಿಟ್ಟೆ. ಪತ್ರ ಬಂದ ಮೇಲೆ ಓದಿ ಹೇಳಿದೆ. ನಿಮ್ಮಪ್ಪ ನನ್ನ ತೋಳನ್ನು ತಮ್ಮ ಬಲಗೈಯ ಪಕ್ಕದಲ್ಲಿ ಇಡಿಸಿಕೊಂಡು ನೋಡಿದರು.

"ಮೂವತ್ತು ವರ್ಷ ಪಕ್ಕದಲ್ಲೇ ಇತ್ತು. ಒಂದ್ ಸಲಾನೂ ಅಳೀಲಿಲ್ಲ ನಾನು" ಅಂದರು.

ಮಮಾತ್ ಮಾತ್ರ ಹಲಗೆ ಕೀಳಲು ಒಪ್ಪುತ್ತಿಲ್ಲ. ಮೂರು ತಿಂಗಳ ಕೆಲಸವನ್ನು ಹುಡುಗಿಯ ಕಾಗದ ನೋಡಿ ಕೀಳುವುದಿಲ್ಲ ಎಂದು ಕೂತಿದ್ದಾನೆ. ಕೋಲು ಬರಲಿ, ನೋಡೋಣ.

ನೀನು ಬರಬೇಡ. ಇದನ್ನು ನಿನಗೆ ಹೇಳದೆ ಇದ್ದದ್ದೇ ನೀನು ಹೀಗೆ ಹೊರಟು ನಿಲ್ಲುತ್ತೀಯ ಎಂದು. ಬಂದು ಏನು ಮಾಡುತ್ತೀಯ? ಅಪ್ಪನ ಕಾಲು ಒತ್ತಲು ನಾನಿದ್ದೇನೆ. ತಪ್ಪು ಎಲ್ಲಿದೆ ಎಂದು ನಾಲ್ಕು ಸಾವಿರ ಮೈಲಿ ಆಚೆಯಿಂದ ನೀನು ಕಂಡುಹಿಡಿದೆ, ಇಲ್ಲೇ ಇದ್ದ ನಮಗೆ ಯಾರಿಗೂ ಆಗಲಿಲ್ಲ. ಮೂವತ್ತೊಂದು ತಂದವಳು ನೂರು ತರುವುದು ಹೇಗೆ ಎಂದು ಯೋಚನೆ ಮಾಡು. ಓದು ಬಿಟ್ಟು ಬಂದವಳಿಗೆ ಈ ಮನೆಯಲ್ಲಿ ಊಟ ಉಂಟು, ಮಾತಿಲ್ಲ.

ಅಮ್ಮ


ಲಾನ್ಸೆಸ್ಟನ್
8 ಸೆಪ್ಟೆಂಬರ್ 1984

ಅಮ್ಮಾ,

ಪತ್ರ ಓದಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಹಾಲೋರನ್ ಮೇಷ್ಟ್ರ ಹತ್ತಿರ ಹೋಗಿ ನಕ್ಷೆ ಬರೆಯುವ ದೊಡ್ಡ ಮಣೆ ಕೇಳಿ ತಂದೆ. ಬರುವುದಿಲ್ಲ. ಟಿಕೆಟ್ಟಿಗೆ ಹೇಳಿದ್ದನ್ನು ಬೇಡ ಎಂದೆ.

ನಕ್ಷೆಯನ್ನು ಹಡಗಿನ ಹಲಗೆಯಿಂದಲೇ ಶುರು ಮಾಡಿದ್ದೇನೆ. ಎಲ್ಲ ಹಲಗೆ ಬರೆದು ಮುಗಿಸಿ, ಅವುಗಳ ಒಳಗೆ ಪಕ್ಕೆಲುಬು ಹೇಗೆ ಕೂರಬೇಕೋ ಹಾಗೆ ಲೆಕ್ಕದಿಂದ ತೆಗೆಯುತ್ತೇನೆ. ಅಪ್ಪ ಕಣ್ಣಿನಿಂದ ಮಾಡುವುದನ್ನೇ ನಾನು ಪೆನ್ಸಿಲಿನಿಂದ ಮಾಡುತ್ತಿದ್ದೇನೆ. ಮೇಷ್ಟ್ರು ದಿನಾ ಬಂದು ಹಿಂದೆ ನಿಂತು ನೋಡಿ ಹೋಗುತ್ತಾರೆ. ನಿನ್ನೆ, "ಮೂಳೆ ಎಲ್ಲಿಗೆ ಬಂತು?" ಅಂದರು. "ಬರ್ತಾ ಇದೆ ಸಾರ್" ಅಂದೆ.

ಅಪ್ಪನ ಮುಷ್ಟಿಗೆ ದಿನಾ ಎಣ್ಣೆ ಹಚ್ಚುವುದನ್ನು ಬಿಡಬೇಡ. ಇನ್ನು ಮುಂದೆ ನಾನೂ ಸುಳ್ಳು ಬರೆಯುವುದಿಲ್ಲ, ನೀನೂ ಬರೆಯಬೇಡ. ಇವತ್ತು ನನಗೆ ನೆಗಡಿ, ಸ್ವಲ್ಪ ಜ್ವರ, ಆಲೂಗಡ್ಡೆ ತಿಂದೆ.

ಬಿಯಾ


ಪುಲಾವ್ ಡುಯೊಂಗ್
22 ಸೆಪ್ಟೆಂಬರ್ 1984

ಬಿಯಾ,

ಕೋಲು ಬಂತು.

ಮಮಾತ್ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ತುದಿಯಲ್ಲಿ ನಿಮ್ಮಪ್ಪನ ಬಾಚಿಯ ಗುರುತು ಇದೆಯಲ್ಲ, ಅದರ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಅಡಿಮರದ ಒಂದು ತುದಿಗೆ ಹೋಗಿ ಕೂತ. ಕೋಲು ಇಟ್ಟ, ಗೆರೆ ಹಾಕಿದ, ಮತ್ತೆ ಇಟ್ಟ. ಅಕ್ಕಪಕ್ಕದ ಚಪ್ಪರದವರೂ ಬಂದು ಸುತ್ತ ನಿಂತಿದ್ದರು. ಮೂವತ್ತನೇ ಸಲ ಇಟ್ಟಾಗ ಕೋಲಿನ ತುದಿ ಮರದ ತುದಿಗೆ ಬಂದು ನಿಂತಿತು. ಒಂದು ಬೆರಳು ಹೆಚ್ಚಿಲ್ಲ, ಕಮ್ಮಿಯಿಲ್ಲ.

ಮಮಾತ್ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ಏಳನೇ ಹಲಗೆಯ ಹತ್ತಿರ ಹೋಗಿ ಮರದ ಗೂಟಗಳನ್ನು ಒಂದೊಂದಾಗಿ ಹೊಡೆದು ಹೊರಗೆ ತೆಗೆಯತೊಡಗಿದ. ನೋಡುತ್ತಿದ್ದವರು ತಮ್ಮ ಚಪ್ಪರಕ್ಕೆ ಹೋಗಿ ಸುತ್ತಿಗೆ ತಂದರು. ಸಂಜೆಯೊಳಗೆ ಎರಡೂ ಮಗ್ಗುಲಿನ ಆರು ಹಲಗೆಗಳೂ ಕೆಳಗಿಳಿದವು. ನಾನು ಹಾಕಿದ ಗುರುತುಗಳೆಲ್ಲ ಅವುಗಳ ಮೇಲೆ ಇದ್ದವು. ಅವನ್ನು ನೋಡಲಾಗಲಿಲ್ಲ, ಮಗಳೇ, ಸುಳ್ಳು ಬರೆಯಬೇಡ ಅಂದಿದ್ದೀಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಈಗ ಮೂರು ಚಪ್ಪರದವರು ಸೇರಿ ಕೆಲಸ ಮಾಡುತ್ತಿದ್ದಾರೆ. ನಿಮ್ಮಪ್ಪನನ್ನು ಬೆತ್ತದ ಕುರ್ಚಿಯಲ್ಲಿ ಹೊತ್ತು ತಂದು ಹಡಗಿನ ಮುಂದೆ ಕೂರಿಸುತ್ತೇವೆ. ಅಲ್ಲಿಂದಲೇ ಎಲ್ಲರನ್ನೂ ಬೈಯುತ್ತಾರೆ. ಕೋಲು ಇಡುವವಳು ನಾನೇ. ಬೇರೆ ಯಾರಿಗೂ ಕೊಡಲಿಲ್ಲ.

ಅಮ್ಮ


ಪುಲಾವ್ ಡುಯೊಂಗ್
6 ನವೆಂಬರ್ 1984

ಬಿಯಾ,

ಹಡಗು ಭಾನುವಾರ ನೀರಿಗಿಳಿಯಿತು. ಮೊದಲ ಮಳೆ ಶುರುವಾಗಿತ್ತು, ಜಾರುಮರಕ್ಕೆ ಎಣ್ಣೆಯೇ ಬೇಕಾಗಲಿಲ್ಲ. ನೂರು ಜನ ಹಗ್ಗ ಹಿಡಿದರು. ನದಿಗೆ ಇಳಿದದ್ದೇ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತೂಗಿ ನೆಟ್ಟಗೆ ನಿಂತಿತು. ಡಚ್ ಮುದುಕ ಇಬ್ಬರು ಮೊಮ್ಮಕ್ಕಳನ್ನೂ ಒಂದೇ ಬದಿಗೆ ನಿಲ್ಲಿಸಿ, ತಾನೂ ಅಲ್ಲೇ ನಿಂತು ಕುಣಿದು ನೋಡಿದ. ಅಲ್ಲಾಡಲಿಲ್ಲ. ನಡೆದದ್ದನ್ನೆಲ್ಲ ಅವನಿಗೆ ನಿಮ್ಮಪ್ಪ ಆಗಲೇ ಹೇಳಿದ್ದರು. ಹಡಗಿನ ಮೇಲ್ಭಾಗದ ಕೆಲಸ ಮಳೆಗಾಲ ಮುಗಿದ ಮೇಲೆ, ಅವನು ಮಾರ್ಚಿನವರೆಗೆ ಇಲ್ಲೇ ಇರುತ್ತಾನೆ.

ನೀನು ಕಳಿಸಿದ ನಕ್ಷೆಯ ಪ್ರತಿ ಬಂತು. ನಿಮ್ಮಪ್ಪ ಎಡಗೈಯಲ್ಲಿ ಸವರಿ, "ಇದು ತೇಲಲ್ಲ" ಅಂದರು. ಮಾರನೇ ದಿನ ಚಪ್ಪರದ ಕಂಬಕ್ಕೆ ಹೊಡೆಸಿದರು, ಅದೂ ತಲೆಕೆಳಗಾಗಿ. ತಪ್ಪಾಗಿದೆ ಎಂದು ಮಮಾತ್ ಹೇಳಿದ್ದಕ್ಕೆ, "ಜೀವನ ಪೂರ್ತಿ ಹಡಗಿನ ಕೆಳಗೆ ಮಲ್ಕೊಂಡು ಕೆಲಸ ಮಾಡ್ದೋನು ನಾನು. ನಂಗೆ ಹಿಂಗೇ ಕಾಣೋದು" ಅಂದರು. ಯಾರು ಬಂದರೂ ತೋರಿಸುತ್ತಾರೆ.

ಕೋಲು ಈಗ ನಮ್ಮ ಹತ್ತಿರ ಇಲ್ಲ. ನಿಮ್ಮಪ್ಪ ಅದನ್ನು ಹಡಗಿನ ಒಳಗೆ, ಅಡಿಮರದ ಪಕ್ಕದಲ್ಲಿ ಗೂಟ ಹೊಡೆದು ಕೂರಿಸಿಬಿಟ್ಟರು. ಆ ಹಡಗಿನ ಕೈ ಆ ಹಡಗಿನ ಜೊತೆಯಲ್ಲೇ ಹೋಗಲಿ ಅಂದರು.

ಮಾರಾಂಗಿನ ಮೀನುಗಾರ ಒಬ್ಬ ಹೊಸ ದೋಣಿ ಕೇಳಿಕೊಂಡು ಬಂದಿದ್ದಾನೆ. ಮಳೆ ನಿಂತ ಮೇಲೆ ಅಡಿಮರ ಇಡಬೇಕು. ಮಮಾತ್, "ಅಣ್ಣಾ, ಇದಕ್ಕೆ ಯಾರ ಕೈ?" ಅಂತ ಕೇಳಿದ. ನಾನು ಅಲ್ಲೇ ಇದ್ದೆ, ತೋಳು ಚಾಚಿದೆ.

"ನಿಂದು ಬೇಡ ಮಾರಾಯ್ತಿ, ಆಗಲೇ ಒಂದು ಹಡಗು ಹಿಂಡಿದ್ದೀಯ" ಅಂದರು ನಿಮ್ಮಪ್ಪ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿ, "ಬಿಯಾಳ ಕೈ ಎಷ್ಟಿದೆ ಅಂತ ಕೇಳಿ ಬರಿ" ಅಂದರು. ಮಮಾತ್ ಬೆನ್ನು ತಿರುಗಿಸಲಿಲ್ಲ.

ಕೇಳುತ್ತಿದ್ದೇನೆ.

ಅಮ್ಮ


ಲಾನ್ಸೆಸ್ಟನ್
25 ನವೆಂಬರ್ 1984

ಅಮ್ಮಾ, ಅಪ್ಪಾ,

ನಕ್ಷೆಗೆ ಎಪ್ಪತ್ತನಾಲ್ಕು. ಹಾಲೋರನ್ ಮೇಷ್ಟ್ರು ಕೆಳಗೆ ಕೆಂಪು ಶಾಯಿಯಲ್ಲಿ, ಮೂಳೆಗಳು ತಮ್ಮ ಜಾಗಕ್ಕೇ ಬಂದಿವೆ ಎಂದು ಬರೆದರು. ಉಳಿದ ಇಪ್ಪತ್ತಾರು ಅಂಕ ಯಾಕೆ ಕಡಿದಿರಿ ಎಂದು ಕೇಳಿದ್ದಕ್ಕೆ, "ನಿನ್ನ ಅಕ್ಷರ ನೋಡಿದ್ದೀಯಾ?" ಅಂದರು. ಅದು ಅಮ್ಮನಿಂದ ಬಂದದ್ದು ಎಂದೆ.

ಇನ್ನೂ ಎರಡು ವರ್ಷ ಇದೆ. ಮುಗಿಸಿಯೇ ಬರುತ್ತೇನೆ. ಅಲ್ಲಿಯವರೆಗೆ ದೋಣಿ ಕಾಯುವುದು ಬೇಡ.

ಈ ಪತ್ರದ ಜೊತೆ ಒಂದು ಕೋಲು ಇದೆ. ಹ್ಯುವಾನ್ ನದಿಯ ಟಾಡ್ ಅಜ್ಜ ಕೊಟ್ಟ ಹಳದಿ ಮರದ ತುಂಡಿನಿಂದ ನಾನೇ ಕೆತ್ತಿದ್ದು. ಮೊಣಕೈಯನ್ನು ಗೋಡೆಗೆ ಒತ್ತಿ, ನಡುಬೆರಳ ತುದಿಗೆ ಗೆರೆ ಹಾಕಿ, ಮೂರು ಸಲ ಅಳೆದು ಕೊಯ್ದೆ. ಅಪ್ಪನ ಕೋಲಿಗಿಂತ ಒಂದು ಬೆರಳು ಗಿಡ್ಡ, ಅಮ್ಮನ ಕೈಗಿಂತ ಒಂದು ಬೆರಳು ಉದ್ದ.

ಅಡಿಮರ ಇಡುವ ದಿನ ಅಮ್ಮ ಒಳಗೇ ನಿಲ್ಲಲಿ, ಮೊದಲ ಮೊಳ ಅವಳೇ ಇಡಲಿ. ಅಪ್ಪಾ, ಅರಿಶಿನದ ಅನ್ನ ನನ್ನ ಹೆಸರಲ್ಲೂ ಒಂದು ತುತ್ತು ತಿನ್ನಿ. ಕೋಲು ಮೋಟಾಯಿತು ಎಂದು ಒಂದು ಬೆರಳು ಸೇರಿಸಿಕೊಳ್ಳುವುದು ಮಾತ್ರ ಬೇಡ. ನನ್ನ ಕೈ ಇಷ್ಟೇ ಇದೆ. ಇದರಲ್ಲೇ ಅಳೆಯಿರಿ.

ನಿಮ್ಮ
ಬಿಯಾ